ಕಡೆಗೀಲು ಕಳಚಿದ ವಿಮಾನ

ಎತ್ತಿನ ಗಾಡಿಯನ್ನು ಹೂಡಿ ದೂರದ ಸಂತೆಗೆ ಹೊರಡುವ ರೈತನು, ನೊಗಕ್ಕೆ ಎತ್ತುಗಳನ್ನು ಕಟ್ಟುವ ಮೊದಲು ಗಾಡಿಯನ್ನು ಒಂದು ಸುತ್ತು ಸುತ್ತಿ ಬರುತ್ತಿದ್ದುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅವನ ಕಣ್ಣು ಮುಖ್ಯವಾಗಿ ಹುಡುಕುತ್ತಿದ್ದುದು ಅಚ್ಚಿನ ತುದಿಯಲ್ಲಿರುವ ಬೆರಳುದ್ದದ ಒಂದು ಕಬ್ಬಿಣದ ತುಂಡನ್ನು. ಅದೇ ಕಡೆಗೀಲು. ಗಾಲಿ ಅಚ್ಚಿನಿಂದ ಜಾರಿ ಹೊರಬೀಳದಂತೆ ತಡೆಯುವುದೇ ಅದರ ಕೆಲಸ. ಗಾಡಿಯ ತೂಕದಲ್ಲಿ ಅದರ ಪಾಲು ಲೆಕ್ಕಕ್ಕೆ ಬಾರದು, ಬೆಲೆಯೂ ಅಷ್ಟಕ್ಕಷ್ಟೆ. ಆದರೂ ಅದು ಬಿದ್ದುಹೋದರೆ ಕಾಳು ತುಂಬಿದ ಗಾಡಿ ನಡುದಾರಿಯಲ್ಲಿ ಮಗುಚಿಕೊಳ್ಳುವುದು ನಿಶ್ಚಯ.

ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿಗಳ ಕಡೆಗೆ ದಾರಿಗಳು ಕವಲೊಡೆಯುವ ಸವಳಂಗದಂತಹ ಊರಿನಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ಊರಿನ ಹಿರಿಯರು ಗಾಡಿಯಲ್ಲಿ ಓಡಾಡಿದ ಸೀಮೆಯಲ್ಲಿಯೇ ಈಗ ವಿಮಾನಗಳು ಇಳಿದು ಏರುತ್ತಿವೆ. ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ಕಟ್ಟಿದ ವಿಮಾನ ನಿಲ್ದಾಣವು ೨೦೨೩ನೆಯ ಇಸವಿ ಫೆಬ್ರವರಿ ೨೭ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ೩೧ರಂದು ಬೆಂಗಳೂರಿನಿಂದ ಮೊದಲನೆಯ ಪ್ರಯಾಣಿಕ ವಿಮಾನ ಅಲ್ಲಿಗೆ ಬಂದಿತು. ಗಾಡಿಯವನ ಮೊಮ್ಮಗನು ಇಂದು ವಿಮಾನದ ಕಿಟಕಿಯ ಬಳಿ ಕುಳಿತು ತನ್ನ ಸೀಮೆಯ ಕೆರೆಗಳನ್ನೂ ಅಡಕೆ ತೋಟಗಳನ್ನೂ ಮೇಲಿನಿಂದ ನೋಡಬಹುದಾಗಿದೆ. ಆದರೆ ಅಜ್ಜನಿಗಿದ್ದ ಒಂದು ಅನುಕೂಲ ಮೊಮ್ಮಗನಿಗಿಲ್ಲ. ಹೊರಡುವ ಮೊದಲು ವಿಮಾನವನ್ನು ಒಂದು ಸುತ್ತು ಸುತ್ತಿ ಅದರ ಕಡೆಗೀಲನ್ನು ಕಣ್ಣಾರೆ ನೋಡುವ ಅವಕಾಶ ಅವನಿಗೆ ದೊರೆಯುವುದಿಲ್ಲ. ಆ ಕೆಲಸವನ್ನು ಅವನು ತಾನು ಎಂದೂ ಕಾಣದ, ಹೆಸರನ್ನೂ ಅರಿಯದ ಯಂತ್ರಜ್ಞರಿಗೆ ಒಪ್ಪಿಸಿ ಕುಳಿತಿರುತ್ತಾನೆ.

ವಿಮಾನಕ್ಕೂ ಕಡೆಗೀಲು ಉಂಟೆ? ಒಂದಲ್ಲ, ಸಾವಿರಾರು ಉಂಟು. ಅವುಗಳಲ್ಲಿ ಕೆಲವನ್ನು ಹಾಕಲು ಮರೆತರೆ ಏನಾಗುವುದು ಎಂಬುದನ್ನು ನಮ್ಮ ನೆರೆನಾಡಿನಲ್ಲಿಯೇ ನಡೆದ ಒಂದು ದುರಂತವು ತೋರಿಸಿಕೊಟ್ಟಿದೆ.

ಕೊಚ್ಚಿಯಲ್ಲಿ ನಡೆದುದು

೧೯೯೮ನೆಯ ಇಸವಿ ಜುಲೈ ೩೦. ಲಕ್ಷದ್ವೀಪದ ಅಗತ್ತಿಯಿಂದ ಬಂದು ಕೊಚ್ಚಿಯಲ್ಲಿ ಇಳಿದಿದ್ದ ಒಂದು ಚಿಕ್ಕ ಡಾರ್ನಿಯರ್ ೨೨೮ ವಿಮಾನವು ತಿರುವನಂತಪುರಕ್ಕೆ ಹೊರಟು ನಿಂತಿತ್ತು. ಅದು ಅಲಯನ್ಸ್ ಏರ್ ಸಂಸ್ಥೆಯದು. ಡಾರ್ನಿಯರ್ ೨೨೮ ಎಂಬುದು ಎರಡು ಎಂಜಿನುಗಳ, ಹತ್ತೊಂಬತ್ತು ಮಂದಿ ಪ್ರಯಾಣಿಕರು ಕುಳಿತುಕೊಳ್ಳಬಹುದಾದ, ಸಣ್ಣ ಊರುಗಳ ಗಿಡ್ಡ ಓಡುದಾರಿಗಳಿಗೆ ಒಪ್ಪುವ ವಿಮಾನ. ಜರ್ಮನಿಯಲ್ಲಿ ರೂಪುಗೊಂಡ ಈ ಜಾತಿಯ ವಿಮಾನಗಳನ್ನು ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ತನ್ನ ಕಾನ್ಪುರದ ಕಾರ್ಖಾನೆಯಲ್ಲಿ ತಯಾರಿಸಿದೆ. ಆ ದಿನ ಅದರಲ್ಲಿದ್ದವರು ಆರು ಜನ: ಮೂವರು ಸಿಬ್ಬಂದಿ, ಮೂವರು ಪ್ರಯಾಣಿಕರು.

ವಿಮಾನವು ಓಡುದಾರಿಯ ಮೇಲೆ ಓಡಿ ನೆಲವನ್ನು ಬಿಟ್ಟಿತು. ಬಿಟ್ಟ ಕೂಡಲೆ, ಚಾಲಕನು ಅಪೇಕ್ಷಿಸದಿದ್ದರೂ, ಅದರ ಮೂಗು ತಾನಾಗಿಯೇ ಮೇಲಕ್ಕೆ ಎದ್ದುಬಿಟ್ಟಿತು. ಮುಂದಿನದು ಕ್ಷಣಗಳ ಮಾತು. ಹಾರುವ ಶಕ್ತಿಯನ್ನು ಕಳೆದುಕೊಂಡ ವಿಮಾನವು ನಿಲ್ದಾಣದ ಬಳಿಯಲ್ಲಿಯೇ ಇದ್ದ ನೌಕಾಪಡೆಯ ಒಂದು ಕಟ್ಟಡದ ಮೇಲೆ ಬಿದ್ದಿತು. ವಿಮಾನದಲ್ಲಿದ್ದ ಆರು ಮಂದಿಯೂ ಸತ್ತರು. ಅವರೊಡನೆ, ಎಂದಿನಂತೆ ತಮ್ಮ ಕೆಲಸಕ್ಕೆ ಬಂದಿದ್ದು ಎಲ್ಲಿಗೂ ಹಾರಬೇಕೆಂದಿಲ್ಲದ ಮೂವರು ನೆಲದ ಮೇಲೆಯೇ ಪ್ರಾಣವನ್ನು ಕಳೆದುಕೊಂಡರು.

ಎಂಜಿನುಗಳು ಕೆಟ್ಟಿದ್ದವೆ? ಇಲ್ಲ. ಚಾಲಕನು ತಪ್ಪಿದನೆ? ಅದೂ ಇಲ್ಲ. ವಿಚಾರಣೆಯಲ್ಲಿ ಕಂಡುಬಂದ ಸಂಗತಿ ಇದು: ವಿಮಾನದ ಬಾಲದಲ್ಲಿರುವ ಅಡ್ಡರೆಕ್ಕೆಯನ್ನು ಹಿಡಿದು ತಿರುಗಿಸುವ ಯಂತ್ರಭಾಗದ ಮುಂದಿನ ಆಧಾರವು ಅರ್ಧ ಕಳಚಿಕೊಂಡಿತ್ತು. ಅದು ಕಳಚಿದುದೇಕೆಂದರೆ, ಅಲ್ಲಿ ಇರಲೇಬೇಕಾಗಿದ್ದ ಬಂಧಕ ಮೊಳೆಗಳನ್ನು ಹಾಕಿಯೇ ಇರಲಿಲ್ಲ. ವಿಮಾನವನ್ನು ನೋಡಿಕೊಳ್ಳುತ್ತಿದ್ದ ವಿಭಾಗದ ನಿರ್ವಹಣೆಯ ಪದ್ಧತಿಗಳು ಸಡಿಲವಾಗಿದ್ದುದೂ ಅಪಘಾತಕ್ಕೆ ಕಾರಣವೆಂದು ವಿಚಾರಣೆಯು ತೀರ್ಮಾನಿಸಿತು.

ಬಾಲದ ಕೆಲಸ

ಮೂಗು ಮೇಲೇಳುವುದಕ್ಕೂ ಬಾಲದ ಮೊಳೆಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ತಕ್ಕಡಿಯನ್ನು ನೆನಪಿಗೆ ತಂದುಕೊಂಡರೆ ಉತ್ತರ ಸುಲಭ. ವಿಮಾನವನ್ನು ಎತ್ತಿ ಹಿಡಿಯುವುದು ಅದರ ದೊಡ್ಡ ರೆಕ್ಕೆಗಳು. ಆದರೆ ಆ ರೆಕ್ಕೆಗಳು ಎತ್ತುವ ಬಿಂದುವೂ, ವಿಮಾನದ ತೂಕವೆಲ್ಲ ಕೇಂದ್ರೀಕರಿಸಿದಂತಿರುವ ಬಿಂದುವೂ ಸರಿಯಾಗಿ ಒಂದೇ ಕಡೆ ಇರುವುದಿಲ್ಲ. ತೂಕದ ಬಿಂದು ಸಾಮಾನ್ಯವಾಗಿ ತುಸು ಮುಂದಕ್ಕಿರುತ್ತದೆ. ಆದುದರಿಂದ ಹಾಗೆಯೇ ಬಿಟ್ಟರೆ ಮೂಗು ಕೆಳಕ್ಕೆ ಬಾಗಬೇಕು. ಅದನ್ನು ತಡೆಯುವುದಕ್ಕಾಗಿ ಬಾಲದಲ್ಲಿ ಒಂದು ಚಿಕ್ಕ ಅಡ್ಡರೆಕ್ಕೆಯನ್ನು ಇಟ್ಟಿರುತ್ತಾರೆ. ಅದು ಗಾಳಿಯ ಹೊಡೆತದಿಂದ ಬಾಲವನ್ನು ಸ್ವಲ್ಪ ಕೆಳಕ್ಕೆ ಒತ್ತುತ್ತದೆ. ತಕ್ಕಡಿಯ ಒಂದು ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಸಮ ಮಾಡಿದಂತೆ, ಈ ಒತ್ತಡದಿಂದ ವಿಮಾನವು ಸಮತೋಲದಲ್ಲಿ ಸಾಗುತ್ತದೆ.

ತಟ್ಟೆಯನ್ನು ಎಷ್ಟು ಒತ್ತಬೇಕೆಂಬುದು ವಿಮಾನದ ವೇಗಕ್ಕೂ ಹೊರೆಗೂ ತಕ್ಕಂತೆ ಬದಲಾಗುತ್ತಿರುತ್ತದೆ. ಆದ್ದರಿಂದ ಡಾರ್ನಿಯರಿನಂತಹ ವಿಮಾನಗಳಲ್ಲಿ ಬಾಲದ ಇಡೀ ಅಡ್ಡರೆಕ್ಕೆಯ ಓರೆಯನ್ನೇ ಹೆಚ್ಚು ಕಡಿಮೆ ಮಾಡುವ ಏರ್ಪಾಡು ಇದೆ. ಆಕ್ಚುಯೇಟರ್ ಎಂಬ ಯಂತ್ರಭಾಗವು ಅದನ್ನು ಹಿಡಿದು, ಚಾಲಕನ ಅಪ್ಪಣೆಯಂತೆ ತುಸುತುಸುವೇ ಅಲುಗಿಸುತ್ತದೆ. ಉಳಿದ ಹೊತ್ತಿನಲ್ಲಿ ಅಲುಗದಂತೆ ಭದ್ರವಾಗಿ ಹಿಡಿದಿರುತ್ತದೆ. ಈ ಹಿಡಿತವೇ ತಪ್ಪಿದರೆ ಅಡ್ಡರೆಕ್ಕೆಯು ಬಿರುಗಾಳಿಗೆ ಸಿಕ್ಕಿದ ಕದದಂತೆ ಗಾಳಿಯ ವಶವಾಗುತ್ತದೆ. ಅದರ ಮುಂಚೂಣಿ ಕೆಳಕ್ಕೆ ಬಾಗಿತೆಂದರೆ ಬಾಲವು ಜೋರಾಗಿ ಕೆಳಕ್ಕೆ ಅದುಮಲ್ಪಡುತ್ತದೆ. ಬಾಲ ಇಳಿದಷ್ಟೂ ಮೂಗು ಏರುತ್ತದೆ.

ಮೂಗು ಏರಿದರೆ ವಿಮಾನವು ಮೇಲಕ್ಕೆ ಹೋಗಬೇಕಷ್ಟೆ, ಬೀಳುವುದೇಕೆ? ಇಲ್ಲಿಯೇ ಹಾರಾಟದ ರಹಸ್ಯವಿದೆ. ರೆಕ್ಕೆಯ ಮೇಲೆ ಗಾಳಿಯು ಅಂಟಿಕೊಂಡಂತೆ ನುಣುಪಾಗಿ ಹರಿಯುವವರೆಗೆ ಮಾತ್ರ ರೆಕ್ಕೆಗೆ ಎತ್ತುವ ಶಕ್ತಿ. ಬರುವ ಗಾಳಿಗೆ ರೆಕ್ಕೆಯು ಒಡ್ಡಿಕೊಂಡಿರುವ ಕೋನವು ಸುಮಾರು ೧೫ ಡಿಗ್ರಿಗಳನ್ನು ದಾಟುತ್ತಿದ್ದಂತೆ ಸಾಮಾನ್ಯ ರೆಕ್ಕೆಯ ಮೇಲ್ಮೈಯಿಂದ ಗಾಳಿಯ ಹರಿವು ಕಿತ್ತುಹೋಗಿ ಸುಳಿಸುಳಿಯಾಗಿ ಒಡೆಯುತ್ತದೆ. ಆಗ ಎತ್ತುವ ಬಲವು ಥಟ್ಟನೆ ಕುಸಿಯುತ್ತದೆ. ಆಕಾಶದಲ್ಲಿ ಬಹಳ ಎತ್ತರದಲ್ಲಿದ್ದಾಗ ಹೀಗಾದರೆ, ಮೂಗನ್ನು ಕೆಳಗೆ ಮಾಡಿ ವೇಗವನ್ನು ಗಳಿಸಿ ಚೇತರಿಸಿಕೊಳ್ಳಬಹುದು. ನೆಲವನ್ನು ಬಿಟ್ಟು ಕೆಲವೇ ಕ್ಷಣಗಳಾಗಿರುವ ವಿಮಾನಕ್ಕೆ ಎತ್ತರವೂ ಇಲ್ಲ, ಕಾಲವೂ ಇಲ್ಲ. ಕೊಚ್ಚಿಯ ಚಾಲಕರ ಕೈಯಲ್ಲಿ ಉಳಿದಿದ್ದ ಸಾಧನಗಳು ಆ ಬಾಲದ ಒತ್ತಡವನ್ನು ಗೆಲ್ಲುವಷ್ಟು ಇರಲಿಲ್ಲ.

ಮೊಳೆಯೊಳಗಿನ ಜಾಣ್ಮೆ

ಅಲ್ಲಿ ಹಾಕದೆ ಬಿಟ್ಟಿದ್ದ ಬಂಧಕಗಳು ಹೈ-ಲಾಕ್ ಎಂಬ ಜಾತಿಯವು. ಇವುಗಳ ರಚನೆ ತಿಳಿಯತಕ್ಕದ್ದು. ಸಾಮಾನ್ಯವಾದ ಬೋಲ್ಟಿಗೆ ನಟ್ಟನ್ನು ತಿರುಪಿದಾಗ ಅದು ಎಷ್ಟು ಬಿಗಿಯಾಯಿತೆಂಬುದು ತಿರುಪಿದವನ ತೋಳಿನ ಬಲವನ್ನು ಅವಲಂಬಿಸಿರುತ್ತದೆ. ಕಡಿಮೆ ಬಿಗಿದರೆ ನಡುಕಕ್ಕೆ ಸಡಿಲುತ್ತದೆ. ಹೆಚ್ಚು ಬಿಗಿದರೆ ಬೋಲ್ಟಿನ ಕುತ್ತಿಗೆ ಸೊರಗುತ್ತದೆ. ಹೈ-ಲಾಕಿನಲ್ಲಾದರೋ ಮೊಳೆಯ ಮೇಲೆ ಕೂರುವ ಕೊರಳಪಟ್ಟಿಗೆ ಸೇರಿದಂತೆ ಆರು ಮೂಲೆಯ ಒಂದು ತಲೆ ಇರುತ್ತದೆ. ಅದನ್ನು ತಿರುಪುತ್ತ ಹೋದಾಗ, ಮೊದಲೇ ಗೊತ್ತುಮಾಡಿದ ಬಿಗಿತವು ಬಂದ ಕೂಡಲೆ ಆ ತಲೆ ತಾನಾಗಿಯೇ ಮುರಿದು ಕೈಗೆ ಬರುತ್ತದೆ. ಕೊರಳಪಟ್ಟಿ ಮಾತ್ರ ಮೊಳೆಯ ಮೇಲೆ ಭದ್ರವಾಗಿ ಉಳಿಯುತ್ತದೆ. ಬಿಗಿಯುವವನು ಬಲಶಾಲಿಯಾಗಲಿ ದುರ್ಬಲನಾಗಲಿ, ಬಿಗಿತ ಒಂದೇ.

ಇಷ್ಟು ಜಾಣತನದಿಂದ ಮಾಡಿದ ಮೊಳೆಯೂ ತನ್ನ ರಂಧ್ರದೊಳಗೆ ಇದ್ದರೆ ತಾನೆ ಕೆಲಸ ಮಾಡುವುದು? ಎಂಜಿನಿಯರನು ನಡುಕವನ್ನು ಲೆಕ್ಕ ಹಾಕಿದ್ದನು, ತೋಳಿನ ಬಲದ ಏರುಪೇರನ್ನೂ ಲೆಕ್ಕ ಹಾಕಿದ್ದನು. ಮನುಷ್ಯನ ಮರೆವನ್ನು ತಡೆಯುವ ಮೊಳೆಯನ್ನು ಮಾತ್ರ ಯಾರೂ ಇನ್ನೂ ಮಾಡಿಲ್ಲ.

ಅಳತೆ ತಪ್ಪಿದ ತೊಂಬತ್ತು ಬೋಲ್ಟುಗಳು

ಇಂತಹ ತಪ್ಪು ನಮ್ಮ ದೇಶದಲ್ಲಿ ಮಾತ್ರ ಆಗುವುದೆಂದು ಯಾರೂ ತಿಳಿಯಬಾರದು. ವಿಮಾನವಿದ್ಯೆಯಲ್ಲಿ ಬಹಳ ಮುಂದುವರಿದ ಇಂಗ್ಲೆಂಡಿನಲ್ಲಿ ೧೯೯೦ನೆಯ ಇಸವಿ ಜೂನ್ ೧೦ರಂದು ನಡೆದ ಸಂಗತಿಯು ಕಥೆಗಿಂತಲೂ ವಿಚಿತ್ರವಾಗಿದೆ. ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಾಲಗಕ್ಕೆ ೮೭ ಮಂದಿಯನ್ನು ಹೊತ್ತು ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವು ೧೭,೩೦೦ ಅಡಿಗಳ ಎತ್ತರವನ್ನು ಮುಟ್ಟಿದಾಗ, ಮುಖ್ಯ ಚಾಲಕನ ಎದುರಿನ ಗಾಜು ಒಮ್ಮೆಲೆ ಹೊರಕ್ಕೆ ಹಾರಿಹೋಯಿತು. ಒಳಗಿನ ಗಾಳಿ ನುಗ್ಗಿದ ರಭಸಕ್ಕೆ ಚಾಲಕನು ಸೊಂಟದವರೆಗೆ ಕಿಟಕಿಯಿಂದ ಹೊರಬಿದ್ದನು. ಒಳಗಿದ್ದ ಪರಿಚಾರಕನು ಧಾವಿಸಿ ಬಂದು ಅವನ ಕಾಲುಗಳನ್ನು ಅಪ್ಪಿಹಿಡಿದನು. ಸಹಚಾಲಕನು ಭೋರ್ಗರೆಯುವ ಗಾಳಿಯ ನಡುವೆಯೇ ವಿಮಾನವನ್ನು ಸೌತಾಂಪ್ಟನ್ ನಿಲ್ದಾಣದಲ್ಲಿ ಇಳಿಸಿದನು. ಎಲ್ಲರೂ ಬದುಕಿದರು, ಹೊರಗೆ ಜೋತಾಡುತ್ತಿದ್ದ ಚಾಲಕನೂ ಬದುಕಿ ಉಳಿದನು.

ಆ ಗಾಜನ್ನು ಅದಕ್ಕೆ ಸ್ವಲ್ಪ ಮೊದಲು ರಾತ್ರಿಯ ಪಾಳಿಯೊಂದರಲ್ಲಿ ಹೊಸದಾಗಿ ಕೂಡಿಸಲಾಗಿತ್ತು. ಅದನ್ನು ಹಿಡಿಯುವ ಬೋಲ್ಟುಗಳು ೯೦. ಅವುಗಳಲ್ಲಿ ೮೪ ಬೋಲ್ಟುಗಳ ದಪ್ಪವು ಇರಬೇಕಾದುದಕ್ಕಿಂತ ಅಂಗುಲದ ಸಾವಿರದ ೨೬ ಭಾಗದಷ್ಟು, ಎಂದರೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ, ಸಣ್ಣದಾಗಿತ್ತು; ಮಿಕ್ಕ ಆರು ಬೋಲ್ಟುಗಳ ಉದ್ದ ಸಾಲದಾಗಿತ್ತು. ಕೆಲಸ ಮಾಡಿದವನು ಅನನುಭವಿಯಲ್ಲ, ಪಾಳಿಯ ಮೇಲ್ವಿಚಾರಕನೇ. ಅವನು ಕೈಪಿಡಿಯ ಪಟ್ಟಿಯನ್ನು ನೋಡದೆ, ತೆಗೆದ ಹಳೆಯ ಬೋಲ್ಟನ್ನು ಮಂದವಾದ ಬೆಳಕಿನಲ್ಲಿ ಹೊಸದರ ಪಕ್ಕದಲ್ಲಿ ಹಿಡಿದು ಕಣ್ಣಳತೆಯಿಂದ ಆರಿಸಿದ್ದನು. ನೆಲದ ಮೇಲೆ ಗಾಜು ಗಟ್ಟಿಯಾಗಿಯೇ ಕುಳಿತಿತ್ತು. ಆದರೆ ೧೭,೦೦೦ ಅಡಿಗಳ ಮೇಲೆ ಹೊರಗಿನ ಗಾಳಿಯ ಒತ್ತಡವು ನೆಲದ ಮೇಲಿನದರ ಅರ್ಧಕ್ಕೆ ಸಮೀಪಿಸಿರುತ್ತದೆ. ಒಳಗಾದರೋ ಪ್ರಯಾಣಿಕರ ಉಸಿರಾಟಕ್ಕಾಗಿ ಹೆಚ್ಚಿನ ಒತ್ತಡವನ್ನು ಕಾಪಾಡಿರುತ್ತಾರೆ. ಈ ವ್ಯತ್ಯಾಸವು ಗಾಜನ್ನು ಚದರ ಅಂಗುಲಕ್ಕೆ ಹಲವು ಪೌಂಡುಗಳಂತೆ ಹೊರಕ್ಕೆ ನೂಕುತ್ತಿತ್ತು. ಕೂದಲೆಳೆಯ ತಪ್ಪು ಬಯಲಾಗಲು ಅಷ್ಟು ಸಾಕಾಯಿತು.

ಮೂರು ಎಂಜಿನುಗಳು, ಒಂದೇ ತಪ್ಪು

ದೊಡ್ಡ ವಿಮಾನಗಳಿಗೆ ಒಂದಕ್ಕಿಂತ ಹೆಚ್ಚು ಎಂಜಿನುಗಳನ್ನು ಇಡುವುದು ಒಂದು ಕೆಟ್ಟರೂ ಮತ್ತೊಂದು ಕಾಯಲೆಂದು. ಆದರೆ ಎಲ್ಲವೂ ಒಟ್ಟಿಗೆ ಕೆಡುವಂತೆ ಮನುಷ್ಯನೇ ಮಾಡಿಬಿಟ್ಟರೆ? ೧೯೮೩ನೆಯ ಇಸವಿ ಮೇ ೫ರಂದು ಅಮೆರಿಕದ ಮಯಾಮಿಯಿಂದ ಬಹಾಮ ದ್ವೀಪಗಳ ನಸ್ಸೌ ನಗರಕ್ಕೆ ೧೭೨ ಮಂದಿಯೊಡನೆ ಹೊರಟ ಮೂರು ಎಂಜಿನುಗಳ ವಿಮಾನದಲ್ಲಿ ಹೀಗೆಯೇ ಆಯಿತು. ಕೀಲೆಣ್ಣೆಯಲ್ಲಿ ಕಬ್ಬಿಣದ ಚೂರುಗಳೇನಾದರೂ ಸೇರಿವೆಯೇ ಎಂದು ನೋಡಲು ಪ್ರತಿಯೊಂದು ಎಂಜಿನಿನಲ್ಲಿಯೂ ಅಯಸ್ಕಾಂತದ ಒಂದು ಬಿರಡೆ ಇರುತ್ತದೆ. ಆ ರಾತ್ರಿ ಮೂರು ಬಿರಡೆಗಳನ್ನೂ ಬದಲಾಯಿಸಲಾಯಿತು. ಬಿರಡೆಯ ಸುತ್ತ ಇರಬೇಕಾದ ರಬ್ಬರಿನ ಬಳೆಗಳನ್ನು ಮೂರರಲ್ಲಿಯೂ ಹಾಕಲಿಲ್ಲ. ಎಂದಿನ ದಿನಗಳಲ್ಲಿ ಬಳೆಯನ್ನು ತೊಡಿಸಿಯೇ ಬಿರಡೆಗಳನ್ನು ಕೊಡುತ್ತಿದ್ದುದರಿಂದ, ಆ ದಿನವೂ ಹಾಗೆಯೇ ಇರಬೇಕೆಂದು ಯಂತ್ರಜ್ಞರು ಭಾವಿಸಿದ್ದರು.

ಎಣ್ಣೆ ಸೋರಿಹೋಯಿತು. ಮೊದಲು ಒಂದು ಎಂಜಿನನ್ನು ನಿಲ್ಲಿಸಿ ವಿಮಾನವನ್ನು ಹಿಂದಿರುಗಿಸಿದರು; ದಾರಿಯಲ್ಲಿ ಮಿಕ್ಕೆರಡೂ ನಿಂತವು. ಸಮುದ್ರದ ಮೇಲೆ ಸುಮಾರು ೪,೦೦೦ ಅಡಿಗಳಿಗೆ ಇಳಿದಿದ್ದಾಗ, ಮೊದಲು ನಿಲ್ಲಿಸಿದ್ದ ಎಂಜಿನು ಪುನಃ ಹೊತ್ತಿಕೊಂಡು ಎಲ್ಲರ ಪ್ರಾಣವನ್ನು ಉಳಿಸಿತು. ಒಂದೇ ವಿಮಾನದ ಎಲ್ಲ ಎಂಜಿನುಗಳ ಮೇಲೆ ಒಂದೇ ಕೆಲಸವನ್ನು ಒಂದೇ ಸಲ, ಒಂದೇ ಕೈಗಳಿಂದ ಮಾಡಿಸಬಾರದೆಂಬ ವಿವೇಕವನ್ನು ಇಂತಹ ಅನುಭವಗಳೇ ಕಲಿಸಿದವು.

ಏಳು ವರ್ಷ ಅಡಗಿದ್ದ ತಪ್ಪು

ಕೆಲವು ತಪ್ಪುಗಳು ಮರುದಿನವೇ ಬಯಲಾಗುತ್ತವೆ. ಮತ್ತೆ ಕೆಲವು ಬೀಜದಂತೆ ಮಣ್ಣಿನೊಳಗೆ ಕಾದಿರುತ್ತವೆ. ಜಪಾನಿನ ಒಂದು ಬೃಹತ್ ಬೋಯಿಂಗ್ ೭೪೭ ವಿಮಾನದ ಬಾಲವು ೧೯೭೮ರಲ್ಲಿ ಒಸಾಕದಲ್ಲಿ ಇಳಿಯುವಾಗ ನೆಲಕ್ಕೆ ತಾಕಿ, ಒಳಗಿನ ಒತ್ತಡವನ್ನು ತಡೆಯುವ ಹಿಂಭಾಗದ ಗೋಡೆಗೆ ಪೆಟ್ಟಾಯಿತು. ಅದನ್ನು ದುರಸ್ತಿ ಮಾಡುವಾಗ ಅಖಂಡವಾಗಿರಬೇಕಾದ ಒಂದು ಜೋಡುತಗಡನ್ನು ಎರಡು ತುಂಡುಗಳಾಗಿ ಇಟ್ಟರು. ಇದರಿಂದ ರಿವೆಟ್ಟುಗಳ ಹಲವು ಸಾಲುಗಳು ಹಂಚಿಕೊಳ್ಳಬೇಕಾಗಿದ್ದ ಭಾರವೆಲ್ಲ ಒಂದೇ ಸಾಲಿನ ಮೇಲೆ ಬಿತ್ತು. ಪ್ರತಿ ಹಾರಾಟದಲ್ಲಿಯೂ ಒಳಗಿನ ಒತ್ತಡ ಏರಿ ಇಳಿದಂತೆಲ್ಲ ಆ ಗೋಡೆ ಉಬ್ಬಿ ಕುಗ್ಗುತ್ತಿತ್ತು. ತಂತಿಯೊಂದನ್ನು ಪದೇ ಪದೇ ಬಾಗಿಸಿದರೆ ಮುರಿಯುವುದಷ್ಟೆ. ಲೋಹದ ಈ ದಣಿವು ಸಾವಿರಾರು ಹಾರಾಟಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳನ್ನು ಬೆಳೆಸುತ್ತ ಹೋಯಿತು. ೧೯೮೫ನೆಯ ಇಸವಿ ಆಗಸ್ಟ್ ೧೨ರಂದು ಗೋಡೆ ಒಡೆಯಿತು. ಬಾಲವೂ, ವಿಮಾನವನ್ನು ತಿರುಗಿಸುವ ದ್ರವದ ಕೊಳವೆಗಳೂ ನಾಶವಾದವು. ೫೨೪ ಮಂದಿಯಲ್ಲಿ ಬದುಕಿದವರು ನಾಲ್ವರು ಮಾತ್ರ.

ಬಿರುಕುಗಳ ಬರಹ

ನುಚ್ಚುನೂರಾದ ಲೋಹದ ರಾಶಿಯಿಂದ ಇಷ್ಟೆಲ್ಲ ಸಂಗತಿಗಳನ್ನು ತಿಳಿಯುವುದು ಹೇಗೆ? ಒಡೆದ ಲೋಹದ ಮುಖವೇ ಒಂದು ಲಿಪಿ. ಒಂದೇ ಏಟಿಗೆ ಮುರಿದ ತುಂಡಿನ ಮುಖ ಒಂದು ಬಗೆ. ದಣಿದು ಮೆಲ್ಲಮೆಲ್ಲನೆ ಬಿರುಕುಬಿಟ್ಟ ಮುಖ ಇನ್ನೊಂದು ಬಗೆ. ಎರಡನೆಯದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತರಿಸಿದ ಮರದ ದಿಮ್ಮಿಯಲ್ಲಿ ಬಳೆಗಳು ಕಾಣುವಂತೆ, ಬಿರುಕು ಹಂತಹಂತವಾಗಿ ಮುಂದುವರಿದ ಗೆರೆಗಳು ಕಾಣುತ್ತವೆ. ರಂಧ್ರದಲ್ಲಿ ಬೋಲ್ಟು ಇದ್ದು ಕಿತ್ತುಹೋಗಿದ್ದರೆ ರಂಧ್ರದ ಅಂಚು ಹಿಗ್ಗಿ ಹರಿದಿರುತ್ತದೆ. ಬೋಲ್ಟೇ ಇರದಿದ್ದಲ್ಲಿ ಅಂತಹ ಗಾಯವಿರುವುದಿಲ್ಲ.

ಈ ವಿದ್ಯೆಗೆ ಕನ್ನಡ ನಾಡು ಹೊರಗಿನದಲ್ಲ. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಅಮೆರಿಕದ ವಾಯುಪಡೆಯ ವಿಮಾನಗಳನ್ನು ಬಿಚ್ಚಿ, ತೊಳೆದು, ಸರಿಪಡಿಸಿ ಕಳುಹಿಸುವ ದೊಡ್ಡ ದುರಸ್ತಿಶಾಲೆಯಾಯಿತು. ಡಾ. ಘಾಟಗೆಯವರು ರೂಪಿಸಿದ ಎಚ್. ಟಿ. ೨ ಎಂಬ ಸ್ವದೇಶಿ ವಿಮಾನವು ೧೯೫೧ರಲ್ಲಿ ಹಾರುವ ಮೊದಲೇ, ಇಲ್ಲಿನ ಕೆಲಸಗಾರರು ಬೇರೆಯವರ ವಿಮಾನಗಳನ್ನು ನೆಟ್ಟಗೆ ನೋಡಿಕೊಳ್ಳುವುದನ್ನು ಕಲಿತಿದ್ದರು. ೧೯೫೯ರಲ್ಲಿ ಹುಟ್ಟಿ ಮರುವರ್ಷ ಬೆಂಗಳೂರಿಗೆ ಬಂದ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ಮುರಿದ ಭಾಗಗಳನ್ನು ಪರೀಕ್ಷಿಸಿ ಅಪಘಾತದ ಕಾರಣವನ್ನು ಹುಡುಕುವ ತಜ್ಞರ ತಂಡವೇ ಇದೆ.

ತಪ್ಪು ಯಾರದು?

ಇಂತಹ ದುರಂತವಾದಾಗ ನಮ್ಮ ಮನಸ್ಸು ಮೊದಲು ಹುಡುಕುವುದು ಅಪರಾಧಿಯನ್ನು. ಮೊಳೆಯನ್ನು ಮರೆತವನನ್ನು ಶಿಕ್ಷಿಸಿದರೆ ಸಾಲದೆ? ಸಾಲದು. ಮರೆಯುವುದು ಮನುಷ್ಯನ ಸ್ವಭಾವ. ಒಬ್ಬನ ಮರೆವು ಒಂಬತ್ತು ಪ್ರಾಣಗಳವರೆಗೆ ಯಾವ ತಡೆಯೂ ಇಲ್ಲದೆ ಸಾಗಿಬರಲು ಬಿಟ್ಟ ಪದ್ಧತಿಯನ್ನೂ ವಿಚಾರಿಸಬೇಕು. ಕೆನಡ ದೇಶದ ಗಾರ್ಡನ್ ಡುಪಾಂಟ್ ಎಂಬವರು ೧೯೯೩ರಲ್ಲಿ ವಿಮಾನ ನಿರ್ವಹಣೆಯಲ್ಲಿ ತಪ್ಪಿಗೆ ಎಡೆಮಾಡುವ ಹನ್ನೆರಡು ಕಾರಣಗಳ ಒಂದು ಪಟ್ಟಿಯನ್ನು ಮಾಡಿದರು. ದಣಿವು, ಅವಸರದ ಒತ್ತಾಯ, ಗಮನ ಬೇರೆಡೆಗೆ ಸೆಳೆಯುವುದು, ಎಲ್ಲವೂ ಸರಿಯಾಗಿಯೇ ಇರುತ್ತದೆಂಬ ಅತಿವಿಶ್ವಾಸ, ಒಬ್ಬರು ಹೇಳಿದುದು ಇನ್ನೊಬ್ಬರಿಗೆ ತಲುಪದಿರುವುದು, ಮೇಲಿನವರಿಗೆ "ಇದು ಸರಿಯಿಲ್ಲ" ಎಂದು ಹೇಳಲು ಧೈರ್ಯ ಸಾಲದಿರುವುದು ಅವುಗಳಲ್ಲಿ ಕೆಲವು. ಇವುಗಳಲ್ಲಿ ಒಂದಾದರೂ ನಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಪಂಪುಸೆಟ್ಟು ರಿಪೇರಿಯ ಅಂಗಡಿಯಲ್ಲಿ ಇಲ್ಲವೆಂದು ಯಾರು ಹೇಳಿಯಾರು?

ಆದುದರಿಂದಲೇ ವಿಮಾನಶಾಲೆಗಳು ಮರೆವನ್ನು ಒಪ್ಪಿಕೊಂಡು ಅದಕ್ಕೆ ಬೇಲಿ ಹಾಕುತ್ತವೆ. ಬಿಚ್ಚಿದುದನ್ನೂ ಕೂಡಿಸಿದುದನ್ನೂ ಬರೆದು ಸಹಿಮಾಡಬೇಕು. ಪಾಳಿ ಬದಲಾಗುವಾಗ ಅರೆಯಾಗಿ ಉಳಿದ ಕೆಲಸವನ್ನು ಬರವಣಿಗೆಯಲ್ಲಿ ಒಪ್ಪಿಸಬೇಕು. ಹಾರಾಟವನ್ನು ಹತೋಟಿಯಲ್ಲಿಡುವ ಭಾಗಗಳನ್ನು ಮುಟ್ಟಿದಾಗ, ಮಾಡಿದವನಲ್ಲದೆ ಎರಡನೆಯವನೊಬ್ಬನು ಸ್ವತಂತ್ರವಾಗಿ ಪರೀಕ್ಷಿಸಿ ತಾನೂ ಸಹಿಹಾಕಬೇಕು. ಸಲಕರಣೆಗಳನ್ನು ಇಡುವ ಹಲಗೆಯ ಮೇಲೆ ಒಂದೊಂದರ ಆಕಾರವನ್ನೂ ಬರೆದಿರುತ್ತಾರೆ. ಕೆಲಸ ಮುಗಿದಾಗ ಒಂದು ಆಕಾರ ಬರಿದಾಗಿದ್ದರೆ, ಆ ಸಲಕರಣೆ ವಿಮಾನದೊಳಗೆ ಉಳಿದಿದೆಯೇ ಎಂದು ಹುಡುಕದೆ ಬಿಡುವುದಿಲ್ಲ. ಇವೆಲ್ಲ ಹೊತ್ತು ಹಿಡಿಯುವ, ಬೇಸರ ತರುವ ಕೆಲಸಗಳು. ವಿಮಾನವು ತಡವಾಯಿತೆಂದು ನಿಲ್ದಾಣದಲ್ಲಿ ಗೊಣಗುವ ಪ್ರಯಾಣಿಕನು ಈ ಕೆಲಸದ ಬೆಲೆಯನ್ನು ಒಮ್ಮೆ ಯೋಚಿಸುವುದು ಒಳ್ಳೆಯದು.

ಕೊಚ್ಚಿಯಲ್ಲಿ ಸತ್ತವರಲ್ಲಿ ಚಾಲಕರಿದ್ದರು, ಪ್ರಯಾಣಿಕರಿದ್ದರು, ಕಟ್ಟಡದೊಳಗೆ ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವರೂ ಇದ್ದರು. ಅವರ ಪೈಕಿ ಯಾರಿಗೂ ಆ ಬರಿದಾದ ರಂಧ್ರಗಳನ್ನು ನೋಡುವ ಅವಕಾಶವಿರಲಿಲ್ಲ. ನೋಡಬೇಕಾಗಿದ್ದವರು ನೋಡಿದ್ದರೆ ಒಂಬತ್ತು ಮನೆಗಳ ದೀಪ ಆರುತ್ತಿರಲಿಲ್ಲ.

ಸವಳಂಗದ ದಾರಿಯಲ್ಲಿ ಎತ್ತಿನ ಗಾಡಿಗಳು ವಿರಳವಾಗಿವೆ. ಆದರೆ ಹೊರಡುವ ಮುನ್ನ ಗಾಡಿಯನ್ನು ಸುತ್ತಿ ಬರುತ್ತಿದ್ದ ಆ ರೈತನ ನಡಿಗೆ ವಿಮಾನಶಾಲೆಯಲ್ಲಿ ಇಂದಿಗೂ ಉಳಿದಿದೆ. ರಾತ್ರಿಯ ಪಾಳಿಯಲ್ಲಿ ಕೈದೀಪವನ್ನು ಹಿಡಿದು, ರೆಕ್ಕೆಯ ಅಡಿಯಲ್ಲಿ ಬಗ್ಗಿ, ಬಾಲದ ಏಣಿಯನ್ನು ಹತ್ತಿ, ಒಂದೊಂದು ಮೊಳೆಯನ್ನೂ ಮುಟ್ಟಿ ನೋಡುವ ಯಂತ್ರಜ್ಞನು ಅವನ ಉತ್ತರಾಧಿಕಾರಿ. ಶಿವಮೊಗ್ಗದಲ್ಲಿ ವಿಮಾನ ಹತ್ತುವ ನಮ್ಮ ಮಕ್ಕಳು ಮೊಮ್ಮಕ್ಕಳು ಸುಖವಾಗಿ ಇಳಿಯುವುದು ಚಾಲಕನ ಕೌಶಲದಿಂದ ಎಷ್ಟೋ, ಆ ಕಾಣದ ಕೈಗಳ ಶ್ರದ್ಧೆಯಿಂದಲೂ ಅಷ್ಟೇ.